ದರಕಿನ ಫಲಕ

2024 ನವೆಂಬರ್ 24, ಭಾನುವಾರ

ಮಂಗನ ಕಾಯಿಲೆಯ ಬಗ್ಗೆ ನಾವು ಮಾಡುವ ಪ್ರದರ್ಶನಕ್ಕೆ ಹತ್ತು ಸಾವಿರ ರೂಪಾಯಿ ಚಂದಾ ಇವತ್ತು ಬರುವುದಿತ್ತು. ನಾನೇ ಬೇಡ ಎಂದು ಎದ್ದು ಬಂದೆ. ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟಿದ್ದಿದ್ರೆ ಬಣ್ಣ, ಬಟ್ಟೆ, ಮೈಕು ಎಲ್ಲ ಮುಗಿದುಹೋಗ್ತಿತ್ತು" ಎಂದರು. ಅದು ನನಗೂ ಗೊತ್ತು.

ಗಣಪತಿಗೆ ಚಂದಾ ಎತ್ತುವಾಗ ಜನ ಕರೆದು ಕೊಡುತ್ತಾರೆ. ಮಂಗನ ಕಾಯಿಲೆಯ ಪ್ರದರ್ಶನ ಎಂದ ಕೂಡಲೇ ಮುಖ ಸಣ್ಣದಾಗುತ್ತದೆ. "ಇನ್ನೂ ಸುರುವಾಗಿಲ್ಲ, ಈಗಲೇ ಅದರ ಹೆಸರು ಎಂತಕ್ಕೆ ತೆಗೀತೀರಿ?" ಸುರುವಾಗುವ ಮೊದಲೇ ಹೇಳಬೇಕಲ್ಲ! ಇನ್ನೇನು ಡಿಸೆಂಬರ್ ಬಂತು. ಮೇ ತನಕ ಇದರದ್ದೇ ಭಯ. ಈ ವರ್ಷದ ಆರಂಭದಲ್ಲೂ ನಮ್ಮ ಜಿಲ್ಲೆಯಲ್ಲಿ ಜೀವ ಹೋಗಿದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯಲು ಶುರುವಾಗಿ ವೈರಸ್ ಪತ್ತೆಯಾದದ್ದು 1957ರಲ್ಲಿ. ಜಗತ್ತಿನ ವೈದ್ಯರೆಲ್ಲ ಓದುವ ಪುಸ್ತಕದಲ್ಲಿ ನಮ್ಮ ಪಕ್ಕದ ಊರಿನ ಹೆಸರಿದೆ. ಇಲ್ಲಿ ಮಾತ್ರ ಅದು ಮಂಗ ಮುಟ್ಟಿದರೆ ಬರುವ ಕಾಯಿಲೆ ಎಂದೇ ಅರ್ಧ ಊರು ನಂಬಿದೆ, ಉಣುಗು ಎನ್ನುವ ರಕ್ತ ಹೀರುವ ಸಣ್ಣ ಹುಳ ಕಚ್ಚಿ ಬರುತ್ತದೆ ಎಂದರೆ ನಂಬುವುದಿಲ್ಲ.

ದುಡ್ಡಿಗಿಂತ ಸಾಮಾನು ಸಲೀಸಾಗಿ ಬರುತ್ತಿದೆ, ಅದೊಂದು ಸಮಾಧಾನ. ಮಿಲ್ಲಿನವರು ಪ್ಲೈವುಡ್ ತುಂಡು ಕೊಟ್ಟರು. ಫ್ಲೆಕ್ಸ್ ಬೇಡ ಎಂದು ತೀರ್ಮಾನಿಸಿದ್ದರಿಂದ ಮನೆಮನೆಯಿಂದ ಹಳೆ ಪಂಚೆ ಬಂದಿವೆ, ಟೇಲರ್ ಅಣ್ಣ ಅಂಚು ಹೊಲಿದುಕೊಡುತ್ತಾನಂತೆ. ಪ್ರೆಸ್ಸಿನವರು ಕರಪತ್ರಕ್ಕೆ ಕಾಗದದ ದುಡ್ಡು ಮಾತ್ರ ಸಾಕು ಎಂದಿದ್ದಾರೆ. ಸೊಸೈಟಿಯ ಗೋದಾಮು ಗೊಬ್ಬರದ ಲಾರಿ ಬರುವ ತನಕ ಖಾಲಿ. ಪಶುವೈದ್ಯರು ದನದ ಉಣುಗು ಹಾಕಿದ ಸ್ಪಿರಿಟ್ಟಿನ ಸೀಸೆ ಕೊಟ್ಟಿದ್ದಾರೆ, ಆದರೆ ಅದೊಂದನ್ನೇ ಇಟ್ಟರೆ ತಪ್ಪು ತಿಳಿವಳಿಕೆ. ರಕ್ತ ಕುಡಿದು ಉಬ್ಬಿದ ಆ ದೊಡ್ಡ ಉಣುಗನ್ನು ಯಾರಾದರೂ ಗುರುತಿಸುತ್ತಾರೆ. ನಮಗೆ ಕಚ್ಚಿ ಜ್ವರ ತರುವುದು ಹೆಚ್ಚಾಗಿ ಅದರ ಮರಿ. ಗಸಗಸೆ ಕಾಳಿನಷ್ಟಿರುತ್ತದೆ, ಕಾಲಿನ ಮೇಲೆ ಹರಿದರೂ ತಿಳಿಯುವುದಿಲ್ಲ. ಅದನ್ನು ತೋರಿಸಲು ಒಳ್ಳೆಯ ಲೆನ್ಸ್ ಬೇಕು. ಕಾಲೇಜಿನ ಮೈಕ್ರೋಸ್ಕೋಪ್ ಕೇಳಿದ್ದೇವೆ, ಉತ್ತರ ಬಂದಿಲ್ಲ.

ಹತ್ತು ಸಾವಿರದವರ ವಿಷಯಕ್ಕೆ ಬರುತ್ತೇನೆ. ದೊಡ್ಡ ತೋಟದವರು. ಅಂಗಳದ ತುಂಬ ಅಡಿಕೆ ಹರಡಿತ್ತು. ಕಾಫಿ ಕೊಟ್ಟರು, ಫಲಕಗಳ ಕರಡು ಕೇಳಿದರು, ಒಂದೊಂದನ್ನೂ ಕನ್ನಡಕ ಏರಿಸಿ ಓದಿದರು. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ ಎನ್ನುವುದಕ್ಕೆ ತಲೆಯಾಡಿಸಿದರು. ಮಂಗ ಸತ್ತ ಜಾಗದಲ್ಲಿ ಸೋಂಕಿದ ಉಣುಗು ಉದುರಿರುತ್ತವೆ ಎನ್ನುವುದನ್ನು ಎರಡು ಸಲ ಓದಿದರು. ದರಕು, ಅಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ, ಅದರ ಬಗೆಗಿನ ಫಲಕಕ್ಕೆ ಬಂದಾಗ ಹಾಳೆಯನ್ನು ಕೆಳಗಿಟ್ಟರು.

"ಮಂಗನ ಚಿತ್ರ ಎಷ್ಟು ಬೇಕಾದ್ರೂ ಹಾಕಿ ತಂಗಿ. ಇದೊಂದು ಬೇಡ. ಈಗಲೇ ಆಳು ಸಿಗೋದಿಲ್ಲ. ಬೆಟ್ಟಕ್ಕೆ ದರಕು ಗುಡಿಸಲಿಕ್ಕೆ ಹೋದ್ರೆ ಕಾಯಿಲೆ ಅಂತ ಗೋಡೆ ಮೇಲೆ ಬರೆದ್ರೆ ನಾಳೆಯಿಂದ ಯಾರು ಬರ್ತಾರೆ? ಕೊಟ್ಟಿಗೆಗೆ ಹಾಕೋದು ಎಂತದು, ತೋಟಕ್ಕೆ ಗೊಬ್ಬರ ಎಲ್ಲಿಂದ?"

ಇವರನ್ನು ಕೆಟ್ಟವರು ಎನ್ನಲಾರೆ. ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಕಾಯಿಲೆ ಎದ್ದ ಆ ವರ್ಷ, 2018ರ ಡಿಸೆಂಬರಿನಿಂದ ಬೇಸಿಗೆ ಪೂರ್ತಿ, ಜ್ವರದವರನ್ನು ತಮ್ಮ ಜೀಪಿನಲ್ಲೇ ಸಾಗರಕ್ಕೆ ಮುಟ್ಟಿಸಿದವರು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಎಲೆ ಉದುರುವುದು, ದರಕು ಗುಡಿಸುವುದು, ಉಣುಗಿನ ಮರಿಗಳು ಎಲೆಯಡಿ ತುಂಬುವುದು, ಮೂರೂ ಒಂದೇ ಕಾಲದಲ್ಲಿ. ಅಡಿಕೆ ತೋಟ ಬದುಕಿರುವುದೇ ಸೊಪ್ಪು, ದರಕು ತರುವ ಸೊಪ್ಪಿನಬೆಟ್ಟದಿಂದ. ಬೆಟ್ಟಕ್ಕೆ ಹೋಗಬೇಡಿ ಎಂದು ನಾವು ಬರೆದೇ ಇಲ್ಲ ಎಂದೆ. ಮಂಗ ಸತ್ತ ಕಡೆ ಹೋಗಬೇಡಿ, ಎಣ್ಣೆ ಹಚ್ಚಿಕೊಂಡು ಹೋಗಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಇಷ್ಟೇ. ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರು ಪುಕ್ಕಟೆ ಕೊಡುತ್ತಾರೆ. ಬೆವರಿಗೆ ಅಂಟಂಟು ಎಂದು ಯಾರೂ ಹಚ್ಚುವುದಿಲ್ಲ. ಯಜಮಾನರೇ ಜಗುಲಿಯಲ್ಲಿ ಸೀಸೆ ಹಿಡಿದು ನಿಂತು "ಹಚ್ಚಿದ ಮೇಲೆ ಹೊರಡಿ" ಎಂದರೆ ಹಚ್ಚುತ್ತಾರೆ. ಅಷ್ಟು ಹೇಳುವಾಗ ನನ್ನ ಧ್ವನಿ ಏರಿತ್ತು.

ಅವರು "ಆ ಫಲಕ ಒಂದು ಬಿಟ್ಟರೆ ಈಗಲೇ ಕೊಡ್ತೆ" ಎಂದರು. ದುಡ್ಡು ಬೇಡ, ತುಂಬುತೋಳಿನ ಹಳೆ ಅಂಗಿ, ಪ್ಯಾಂಟು, ಗಮ್‌ಬೂಟು ಕೊಡಿ, ಪ್ರದರ್ಶನದಲ್ಲಿ ತೊಡಿಸಿ ನಿಲ್ಲಿಸುತ್ತೇವೆ, ಆಮೇಲೆ ನಿಮ್ಮ ಆಳುಗಳಿಗೇ ಕೊಡುತ್ತೇವೆ ಎಂದೆ. "ನೋಡುವ" ಎಂದರು. ನಮ್ಮ ಕಡೆ "ನೋಡುವ" ಎಂದರೆ ಎಂತ ಎಂದು ಎಲ್ಲರಿಗೂ ಗೊತ್ತು. ಆದರೂ ಬಾಗಿಲ ತನಕ ಬಂದು ಬೀಳ್ಕೊಟ್ಟರು.

ಕತ್ತಲಾಗುವ ಹೊತ್ತಿಗೆ ಕೆಳಕೇರಿಯ ಅಕ್ಕನ ಮನೆ. ಕೇಳಲು ಹೋಗಿದ್ದಲ್ಲ. ದರಕು ತುಂಬುವ ಬುಟ್ಟಿ, ಹೆಡಿಗೆ, ಒಂದು ಪ್ರದರ್ಶನಕ್ಕೆ ಬೇಕಿತ್ತು, ಅವಳ ಹತ್ತಿರ ಹಳೆಯದಿದೆ ಎಂದು ಯಾರೋ ಹೇಳಿದ್ದರು. ಅಡಿಕೆ ಸುಲಿದು ಬಂದು ಕೈ ತೊಳೆಯುತ್ತಿದ್ದಳು, ಕರೆ ಹೋಗುವುದಿಲ್ಲ. ಗಂಡ ಹೋದದ್ದು ಅದೇ ವರ್ಷ. ಜ್ವರ, ತಲೆನೋವು, ಮೈಕೈ ಮುರಿಯುವ ನೋವು. ಒಂದು ವಾರಕ್ಕೆ ಬಿಟ್ಟಿತು ಎಂದುಕೊಂಡಿದ್ದರು. ಮತ್ತೆ ತಿರುಗಿತು. ಮಣಿಪಾಲಕ್ಕೆ ಒಯ್ದರೂ ಉಳಿಯಲಿಲ್ಲ.

ಹೆಡಿಗೆ ಅಟ್ಟದಿಂದ ಇಳಿಸಿ ಕೊಟ್ಟಳು. ಆಮೇಲೆ ಎಂತೆಲ್ಲ ಬರೆಸಿದ್ದೀರಿ ಎಂದು ಕೇಳಿದಳು. ಓದಿ ಹೇಳಿದೆ. ಸೂಜಿಯ ಬಗ್ಗೆ ಕೇಳಿದಳು, ಹಳೆ ಲಸಿಕೆ ನಿಲ್ಲಿಸಿದ್ದಾರೆ, ಹೊಸದು ಇನ್ನೂ ಬಂದಿಲ್ಲ ಎಂದೆ.

"ಇನ್ನೊಂದು ಬರೆಸಬೇಕು. ಇದು ಒಬ್ಬರಿಂದ ಒಬ್ಬರಿಗೆ ಬರೋದಿಲ್ಲ ಅಂತ. ದೊಡ್ಡ ಅಕ್ಷರದಲ್ಲಿ, ಬಾಗಿಲಲ್ಲೇ. ಅವರ ಕಾರ್ಯಕ್ಕೆ ಊಟಕ್ಕೆ ಯಾರೂ ಬರಲಿಲ್ಲ, ಗೊತ್ತಲ್ದಾ ನಿಂಗೆ. ಮಗಳನ್ನ ಶಾಲೇಲಿ ಬೇರೆ ಕೂರಿಸಿದ್ರು."

ನಮ್ಮ ಪಟ್ಟಿಯಲ್ಲಿ ಆ ಮಾತು ಇತ್ತು, ಹನ್ನೊಂದನೇ ಫಲಕದ ಕೆಳಗೆ, ಸಣ್ಣಕ್ಷರದಲ್ಲಿ. ಅವಳ ಎದುರು ಅದನ್ನು ಹೇಳಲು ಬಾಯಿ ಬರಲಿಲ್ಲ.

ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಕೊಟ್ಟಳು, ಸುಲಿದ ಕೂಲಿ. ಬೇಡ ಎಂದರೆ "ನನ್ನ ದುಡ್ಡು ಯಾಕೆ ಬೇಡ?" ಎಂದು ಸಿಟ್ಟು ಮಾಡಿದಳು. ರಶೀದಿ ಬರೆದುಕೊಟ್ಟೆ. ಓದಿ ನೋಡಿ ಮಡಚಿ ಡಬ್ಬಿಯಲ್ಲಿಟ್ಟಳು.

ಬಾಗಿಲ ಫಲಕ ಎಂದ ಮೇಲೆ ಅದು ದೊಡ್ಡದೇ ಆಗಬೇಕು, ರಸ್ತೆಯಿಂದ ಓದುವಂತಿರಬೇಕು. ಪಂಚೆಯಲ್ಲಿ ಬಣ್ಣ ಹರಡುತ್ತದೆ. ಟೇಲರ್ ಅಣ್ಣನ ಹತ್ತಿರ ಪರದೆಯ ದಪ್ಪ ತುಂಡು ಉಳಿದಿದ್ದರೆ ಆದೀತು. ಇಲ್ಲವಾದರೆ ಗೋದಾಮಿನ ಖಾಲಿ ಚೀಲಗಳನ್ನೇ ಬಿಚ್ಚಿ ಹೊಲಿಸಿದರೆ ಹೇಗೆ, ಅದರ ಮೇಲೆ ಬಿಳಿ ಬಣ್ಣ ನಿಲ್ಲುತ್ತದೋ ಇಲ್ಲವೋ, ಮೇಷ್ಟ್ರನ್ನು ಬೆಳಿಗ್ಗೆಯೇ ಕೇಳಬೇಕು.