ಮೊಟ್ಟೆ ಯಾರ ಮನೆಗೆ

ಬ್ಲಾಕ್‌ಗಳನ್ನು ಅಗೆದು, ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಆಟದಲ್ಲಿ ಒಂದು ಲೋಕಕ್ಕೆ ಡ್ರ್ಯಾಗನ್ ಮೊಟ್ಟೆ ಒಂದೇ. ವಜ್ರವನ್ನು ಎಷ್ಟು ಬೇಕಾದರೂ ಅಗೆದು ತೆಗೆಯಬಹುದು, ಚಿನ್ನವಂತೂ ಅದಕ್ಕಿಂತ ಸುಲಭವಾಗಿ ಸಿಗುತ್ತದೆ. ಆದರೆ ‘ಎಂಡ್’ ಎಂಬ ಕತ್ತಲ ದ್ವೀಪದಲ್ಲಿ ಹಾರಾಡುವ ಡ್ರ್ಯಾಗನ್ನನ್ನು ಮೊದಲ ಸಲ ಕೊಂದಾಗ ದ್ವೀಪದ ನಡುವಿನ ಕಂಬದ ಮೇಲೆ ಕಾಣಿಸಿಕೊಳ್ಳುವ ಆ ಕಪ್ಪು ಮೊಟ್ಟೆ, ಡ್ರ್ಯಾಗನ್ನನ್ನು ಮತ್ತೆ ಎಬ್ಬಿಸಿ ಎಷ್ಟು ಸಲ ಕೊಂದರೂ ಎರಡನೆಯ ಬಾರಿ ಬರುವುದಿಲ್ಲ. ಒಬ್ಬನೇ ಕುಳಿತು ಆಡುವವನಿಗೆ ಇದು ಮನೆಯ ಗೂಡಿನಲ್ಲಿ ಇಟ್ಟುಕೊಳ್ಳುವ ಅಲಂಕಾರದ ವಸ್ತು ಮಾತ್ರ, ಏಕೆಂದರೆ ಅದು ಒಡೆದು ಮರಿಯಾಗುವುದೂ ಇಲ್ಲ, ಬೇರೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಹಲವಾರು ಜನ ಒಂದೇ ಲೋಕದಲ್ಲಿ ಕೂಡಿ ಆಡುವಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ, ಬೆಲೆಯ ಜೊತೆಗೆ ಜಗಳವೂ ಬರುತ್ತದೆ. ನಾನು ಮಾಡರೇಟರ್ (ಶಿಸ್ತು ನೋಡಿಕೊಳ್ಳುವವಳು) ಆಗಿರುವ ಕನ್ನಡಿಗರ ಬಳಗದಲ್ಲಿ ಒಂದು ವಿಜಯದಶಮಿಯ ದಿನ ನಡೆದ ಡ್ರ್ಯಾಗನ್ ಬೇಟೆಯನ್ನೂ ಅದರ ಹಿಂದುಮುಂದಿನ ಸಂಗತಿಗಳನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಬಳಗ ಹುಟ್ಟಿದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಹುಬ್ಬಳ್ಳಿಯಲ್ಲಿ ಕಾಲೇಜು ಮುಗಿಸಿದ್ದ ನಾವು ಕೆಲವು ಗೆಳೆಯರು ಎಲ್ಲರೂ ಒಂದೇ ಲೋಕದಲ್ಲಿ ಕೂಡಿ ಆಡಲೆಂದು ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡಿದು, ಅದರ ಬೆನ್ನಿಗೆ ಮಾತುಕತೆಯ ತಾಣವಾದ ಡಿಸ್ಕಾರ್ಡ್‌ನಲ್ಲಿ ಒಂದು ಕೋಣೆ ತೆರೆದೆವು. ಕ್ರಮೇಣ ಬೆಂಗಳೂರು, ಶಿವಮೊಗ್ಗ, ಶಿರಸಿ, ಕಲಬುರಗಿಯವರೂ, ಮ್ಯೂನಿಕ್ ಮತ್ತು ನ್ಯೂಜೆರ್ಸಿಯಲ್ಲಿರುವ ಒಬ್ಬಿಬ್ಬರು ಕನ್ನಡಿಗರೂ ಸೇರಿಕೊಂಡರು. ಮೊದಲು ಕಂಪ್ಯೂಟರಿನಲ್ಲಿ ಆಡುವವರಷ್ಟೇ ಇದ್ದರು. ಫೋನಿನ ಬೆಡ್‌ರಾಕ್ ಆವೃತ್ತಿಯವರು ಕಂಪ್ಯೂಟರಿನ ಜಾವಾ ಆವೃತ್ತಿಯ ಸರ್ವರಿಗೆ ಬರಲು ಅನುವು ಮಾಡಿಕೊಡುವ ಗೈಸರ್ ಎಂಬ ತಂತ್ರಾಂಶವನ್ನು ಹಾಕಿದ ಮೇಲೆ, ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಶಾಲಾ ಮಕ್ಕಳು ಬರಲಾರಂಭಿಸಿದರು. ಡಿಸ್ಕಾರ್ಡ್‌ಗೆ ಕನಿಷ್ಠ ವಯಸ್ಸು 13 ಎಂಬ ನಿಯಮವಿರುವುದರಿಂದ ಅದಕ್ಕಿಂತ ಚಿಕ್ಕವರನ್ನು ನಾವು ಸೇರಿಸಿಕೊಳ್ಳುವುದಿಲ್ಲ. ಆದರೂ ನನ್ನನ್ನು ಅಕ್ಕ ಎಂದು ಕರೆಯುವವರ ಸಂಖ್ಯೆ ಒಮ್ಮೆಲೇ ಏರಿತು.

ಮಕ್ಕಳು ಬಂದರು ನಿಜ, ಆದರೆ ನಿಲ್ಲುತ್ತಿರಲಿಲ್ಲ. ಹೊಸ ಲೋಕವೊಂದನ್ನು ತೆರೆದರೆ ನಮ್ಮ ಹಳೆಯ ಆಟಗಾರರಲ್ಲಿ ನಾಲ್ವರು ಮೊದಲ ವಾರಾಂತ್ಯದಲ್ಲೇ ಡ್ರ್ಯಾಗನ್ನನ್ನು ಮುಗಿಸಿ, ಹೊರ ದ್ವೀಪಗಳಿಗೆ ಹೋಗಿ, ಅಲ್ಲಿನ ಹಡಗುಗಳಲ್ಲಿ ಒಂದೊಂದರಂತೆ ಇರುವ, ತೊಟ್ಟು ಹಾರಬಹುದಾದ ಎಲಿಟ್ರಾ ರೆಕ್ಕೆಗಳನ್ನು ಬಾಚಿಕೊಂಡು ಬರುತ್ತಿದ್ದರು. ಎರಡನೆಯ ವಾರಕ್ಕೆ ಸಂತೆಯಲ್ಲಿ ವಜ್ರದ ಅಂಗಡಿ ತೆರೆಯುತ್ತಿತ್ತು. ಮೂರನೆಯ ವಾರ ಬಂದ ಹುಡುಗನೊಬ್ಬ ಮರ ಕಡಿದು, ಗುದ್ದಲಿ ಮಾಡಿಕೊಂಡು, ಗಣಿಗಿಳಿದು ಮೊದಲ ವಜ್ರವನ್ನು ಹೆಮ್ಮೆಯಿಂದ ತೋರಿಸಿದರೆ, ಅದಕ್ಕೆ ಸಂತೆಯಲ್ಲಿ ಒಂದು ರೊಟ್ಟಿಯ ಬೆಲೆಯೂ ಇರುತ್ತಿರಲಿಲ್ಲ. ನಮ್ಮ ಹಳಬರು ಕೆಟ್ಟವರಲ್ಲ, ಧಾರಾಳಿಗಳು. ಹೊಸಬ ಬಂದ ಗಳಿಗೆಯಲ್ಲೇ ತಲೆಯಿಂದ ಕಾಲಿನವರೆಗೆ ವಜ್ರದ ಕವಚ ತೊಡಿಸಿ, ಕೈಗೆ ಕತ್ತಿ ಕೊಟ್ಟು, ‘ಇನ್ನು ಆಡು’ ಎಂದು ಬಿಡುತ್ತಿದ್ದರು. ಹಾಗೆ ಎಲ್ಲವನ್ನೂ ಪಡೆದವರು ಎರಡು ಮೂರು ಸಂಜೆ ಅಲೆದಾಡಿ ಕಾಣೆಯಾಗುತ್ತಿದ್ದರು. ಬೈಸಿಕೊಂಡು ಹೋದವರಿಗಿಂತ ಉಡುಗೊರೆ ಪಡೆದು ಹೋದವರೇ ನಮ್ಮಲ್ಲಿ ಹೆಚ್ಚು ಎಂಬುದು ಸರ್ವರಿನ ದಾಖಲೆಗಳನ್ನು ತಿರುವಿ ಹಾಕುವಾಗ ನನಗೆ ಹೊಳೆಯಿತು. ಮಾಡಲು ಕೆಲಸವೇ ಇಲ್ಲದ ಮನೆಗೆ ನೆಂಟನಾಗಿ ಬಂದವನು ಎಷ್ಟು ಹೊತ್ತು ಕುಳಿತಾನು? ನಗುಮುಖದ ಸ್ವಾಗತ, ನಿಯಮಗಳ ಪಟ್ಟಿ, ಹೊಸಬರಿಗೆಂದೇ ಬೇರೆ ಬಣ್ಣದ ಹೆಸರು ಇವೆಲ್ಲವೂ ನಮ್ಮಲ್ಲಿದ್ದವು, ಅವರು ಬಂದಾಗ ಇನ್ನೂ ಆಗದೆ ಉಳಿದ ದೊಡ್ಡ ಕೆಲಸವೊಂದು ಮಾತ್ರ ಇರುತ್ತಿರಲಿಲ್ಲ.

ಆದ್ದರಿಂದ ಮುಂದಿನ ಲೋಕವನ್ನು ತೆರೆಯುವಾಗ ಎಂಡ್‌ಗೆ ಹೋಗುವ ದಾರಿಯನ್ನೇ ಮುಚ್ಚಿಟ್ಟೆವು. ಸರ್ವರಿನ ಒಂದು ಕಡತದಲ್ಲಿ ಒಂದು ಸಾಲನ್ನು ಬದಲಿಸಿದರೆ ಆಯಿತು, ಪೋರ್ಟಲ್ ಎಂಬ ಆ ದ್ವಾರವನ್ನು ತೆರೆಯುವ ಹನ್ನೆರಡು ‘ಕಣ್ಣು’ಗಳನ್ನು ಅದರ ಚೌಕಟ್ಟಿಗೆ ಕೂರಿಸಿದರೂ ಯಾರೂ ಆಚೆಗೆ ದಾಟಲಾರರು. ದಸರಾ ರಜೆಯಲ್ಲಿ, ವಿಜಯದಶಮಿಯ ಮಧ್ಯಾಹ್ನ, ಎಲ್ಲರೂ ಸೇರಿ ಹೋಗುವುದೆಂದು ಸಾರಿದೆವು. ಹಳಬರಲ್ಲಿ ಒಬ್ಬ, ಬೆಂಗಳೂರಿನವನು, ಬಹಳ ಚೆನ್ನಾಗಿ ಆಡುವವನು, ಇದನ್ನು ನೇರವಾಗಿಯೇ ವಿರೋಧಿಸಿದ. ‘ಬೇಗ ಆಡುವವರನ್ನು ಕಟ್ಟಿಹಾಕಿ ನಿಧಾನದವರನ್ನು ಖುಷಿಪಡಿಸೋದು ಯಾವ ನ್ಯಾಯ ಅಕ್ಕ?’ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾನು ಇಂದಿಗೂ ಹೇಳಲಾರೆ.

ಸಮಯ ಗೊತ್ತುಮಾಡುವುದೇ ಒಂದು ಸಾಹಸವಾಯಿತು. ನಮ್ಮ ಕಡೆ ವಿಜಯದಶಮಿಯ ಸಂಜೆ ಬಂಗಾರವೆಂದು ಬನ್ನಿ ಎಲೆ ಕೊಡಲು ಮನೆಮನೆಗೆ ಹೋಗಬೇಕು, ಆ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತರೆ ಹಿರಿಯರು ಸುಮ್ಮನಿರುವುದಿಲ್ಲ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಎಂದು ನಿಶ್ಚಯಿಸಿದೆವು. ಮ್ಯೂನಿಕ್‌ನವರಿಗೆ ಆಗ ಬೆಳಗಿನ ಹನ್ನೊಂದೂವರೆ. ನ್ಯೂಜೆರ್ಸಿಯವರಿಗೆ ನಸುಕಿನ ಐದೂವರೆ, ಆದರೂ ಅವರು ಚಹಾ ಹಿಡಿದುಕೊಂಡೇ ಬಂದು ಕುಳಿತಿದ್ದರು. ಕಲಬುರಗಿಯ ಹುಡುಗಿಯೊಬ್ಬಳು ಆಟದೊಳಗಿನ ಅಕೇಶಿಯಾ ಮರದ ಎಲೆಗಳನ್ನು ಕತ್ತರಿಯಿಂದ ಕತ್ತರಿಸಿ ತಂದು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ’ ಎನ್ನುತ್ತ ಸಂತೆಯಲ್ಲಿ ನಿಂತವರಿಗೆಲ್ಲ ಹಂಚಿದಳು. ಮೈಸೂರು ಕಡೆಯ ಕೆಲವರಿಗೆ ಅದೇನೆಂದು ತಿಳಿಯದೆ, ವಿವರಿಸುವುದರಲ್ಲಿ ಹತ್ತು ನಿಮಿಷ ಹೋಯಿತು. ಯಾರೂ ಬೇಸರಪಡಲಿಲ್ಲ.

ಬೇಟೆಗೆ ಎರಡು ಕಟ್ಟುಪಾಡುಗಳನ್ನು ಮಾಡಿದ್ದೆವು. ಒಂದು, ಎಂಡ್ ಲೋಕದಲ್ಲಿ ಸತ್ತವರ ಸಾಮಾನು ಕಳೆಯದಂತೆ ಆ ಲೋಕದ ಮಟ್ಟಿಗೆ ನಿಯಮ ಬದಲಿಸುವುದು. ಅಲ್ಲಿ ದ್ವೀಪದ ಅಂಚಿನಿಂದ ಜಾರಿದವರ ವಸ್ತುಗಳು ಶೂನ್ಯಕ್ಕೆ ಬಿದ್ದು ಹೋಗುತ್ತವೆ, ವಾರಗಟ್ಟಲೆ ದುಡಿದು ಮಾಡಿಕೊಂಡ ಕವಚವನ್ನು ಹಾಗೆ ಕಳೆದುಕೊಂಡ ಮಗು ಮರುದಿನ ಬರುವುದಿಲ್ಲ. ಸಾವಿಗೆ ಬೆಲೆಯಿಲ್ಲದ ಯುದ್ಧ ಯುದ್ಧವೇ ಅಲ್ಲ ಎಂದು ಕೆಲವರು ಗೊಣಗಿದರು. ಇನ್ನೊಂದು, ಹಾಸಿಗೆ ಸಿಡಿಸುವುದು ಬೇಡ ಎಂಬುದು. ಎಂಡ್‌ನಲ್ಲಿ ಹಾಸಿಗೆ ಹಾಕಿ ಮಲಗಲು ಹೋದರೆ ಅದು ಸಿಡಿಯುತ್ತದೆ, ಪಳಗಿದವನು ಅದೇ ಉಪಾಯದಿಂದ ಡ್ರ್ಯಾಗನ್ನನ್ನು ಕೆಲವೇ ಕ್ಷಣಗಳಲ್ಲಿ ಮುಗಿಸಬಲ್ಲ. ಅದರ ಬದಲು ನಾವು ಪೋರ್ಟಲ್ ಕೋಣೆಯ ಪಕ್ಕದಲ್ಲಿ, ಅಂದರೆ ಭೂಲೋಕದಲ್ಲೇ, ಸಾಲಾಗಿ ಹಾಸಿಗೆಗಳನ್ನು ಹಾಕಿ, ಪ್ರತಿಯೊಬ್ಬರೂ ಒಂದರಲ್ಲಿ ಮಲಗಿ ಏಳುವಂತೆ ಮಾಡಿದೆವು. ಸತ್ತವರು ಅಲ್ಲಿಯೇ ಹುಟ್ಟಿ ನಿಮಿಷದೊಳಗೆ ಮತ್ತೆ ಯುದ್ಧಕ್ಕೆ ಮರಳಬಹುದಾಗಿತ್ತು.

ಡ್ರ್ಯಾಗನ್‌ನ ಸುತ್ತ ಹತ್ತು ಎತ್ತರದ ಕಂಬಗಳಿದ್ದು, ಪ್ರತಿಯೊಂದರ ತುದಿಯಲ್ಲೂ ಅದರ ಗಾಯವನ್ನು ಮಾಯಿಸುವ ಒಂದು ಸ್ಫಟಿಕವಿರುತ್ತದೆ. ಅವುಗಳಲ್ಲಿ ಎಂಟನ್ನು ಕೆಳಗಿನಿಂದಲೇ ಬಾಣ ಬಿಟ್ಟು ಒಡೆಯಬಹುದು. ಉಳಿದ ಎರಡಕ್ಕೆ ಕಬ್ಬಿಣದ ಸರಳುಗಳ ಪಂಜರವಿರುವುದರಿಂದ ಯಾರಾದರೂ ಕಂಬ ಹತ್ತಿ, ಸರಳನ್ನು ಕಿತ್ತು, ಸ್ಫಟಿಕವನ್ನು ಹತ್ತಿರದಿಂದ ಒಡೆಯಬೇಕು, ಒಡೆದರೆ ಅದು ಮುಖದ ಮೇಲೆಯೇ ಸಿಡಿಯುತ್ತದೆ. ಬಿಲ್ಲಿನ ಕೆಲಸ ಮೌಸ್ ಇದ್ದವರಿಗೆ, ಕಂಬದ ಕೆಲಸ ಫೋನಿನವರಿಗೆ ಎಂದು ಹಂಚಿದ್ದೆವು. ಗಾಜಿನ ಪರದೆಯ ಮೇಲೆ ಹೆಬ್ಬೆರಳಿಟ್ಟು ದೂರಕ್ಕೆ ಗುರಿಯಿಡುವುದು ಕಷ್ಟ, ಏಣಿ ಹತ್ತುವುದು ಅಷ್ಟೇನೂ ಕಷ್ಟವಲ್ಲ. ಕಣ್ಣಿಗೆ ಕಣ್ಣು ಕೊಟ್ಟರೆ ಕೆರಳುವ ಎಂಡರ್‌ಮ್ಯಾನ್ ಎಂಬ ಜೀವಿಗಳಿಂದ ತಪ್ಪಿಸಿಕೊಳ್ಳಲು ಅವರೆಲ್ಲ ತಲೆಗೆ ಕೊರೆದ ಕುಂಬಳಕಾಯಿ ತೊಟ್ಟಿದ್ದರು.

ಎಲ್ಲರೂ ಒಮ್ಮೆಲೇ ಒಳಹೊಕ್ಕಾಗ ಸರ್ವರ್ ಏದುಸಿರು ಬಿಟ್ಟಿತು. ಸೆಕೆಂಡಿಗೆ 20 ಬಾರಿ ಮಿಡಿಯಬೇಕಾದ ಲೋಕ ಹನ್ನೆರಡಕ್ಕೆ ಇಳಿದು, ಡ್ರ್ಯಾಗನ್ ಗಾಳಿಯಲ್ಲಿ ತುಂಡುತುಂಡಾಗಿ ಚಲಿಸಿತು, ಆಟಗಾರರು ಇದನ್ನೇ ಲ್ಯಾಗ್ ಎನ್ನುವುದು. ಆಟಗಾರರಿಗೆ ಲೋಕ ಎಷ್ಟು ದೂರದವರೆಗೆ ಕಾಣಬೇಕೆಂಬ ಅಳತೆಯನ್ನು ಹತ್ತರಿಂದ ಆರಕ್ಕೆ ತಗ್ಗಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಆ ಗೊಂದಲದ ನಡುವೆ ವಾಯ್ಸ್ ಚಾನೆಲ್‌ನಲ್ಲಿ ಬೆಂಗಳೂರಿನವನ ಧ್ವನಿ ಕೇಳಿಸಿತು: ‘ಫೋನಲ್ಲಿ ಆಡೋರನ್ನೆಲ್ಲ ಯಾಕೆ ಕರ್ಕೊಂಡು ಬಂದ್ರಿ? ಇವರಿಂದಲೇ ಲ್ಯಾಗ್ ಆಗ್ತಿರೋದು.’

ಕೆಟ್ಟ ಮಾತುಗಳನ್ನು ತಾನಾಗಿಯೇ ತಡೆಯಲು ಡಿಸ್ಕಾರ್ಡ್ 2022ರಲ್ಲಿ ತಂದ ಆಟೋಮಾಡ್‌ಗೆ ನಾವು ಕನ್ನಡದ ಬೈಗುಳಗಳ ಪಟ್ಟಿಯನ್ನೇ ಕೊಟ್ಟಿದ್ದೇವೆ. ನಮ್ಮವರು ಒಂದೇ ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ರೀತಿಯಲ್ಲಿ ಬರೆಯುವುದರಿಂದ ಆ ಪಟ್ಟಿ ಬೆಳೆಯುತ್ತಲೇ ಇದೆ. ಆದರೆ ಇಂಥ ಮಾತಿಗೆ ಯಾವ ಜರಡಿಯೂ ಇಲ್ಲ, ಏಕೆಂದರೆ ಇದರಲ್ಲಿ ಬೈಗುಳವೇ ಇಲ್ಲ. ಶಿರಸಿಯ ಒಂಬತ್ತನೇ ತರಗತಿಯ ಹುಡುಗ ಕೂಡಲೇ ಕೇಳಿದ: ‘ಅಕ್ಕಾ, ನಾನು ಹೊರಗೆ ಹೋಗ್ಲಾ?’ ಎಲ್ಲರೆದುರು ಬೆಂಗಳೂರಿನವನನ್ನು ಗದರಿದ್ದರೆ ಅವನು ವಾದಕ್ಕೆ ನಿಲ್ಲುತ್ತಿದ್ದ, ಬೇಟೆ ಪಂಚಾಯಿತಿಯಾಗುತ್ತಿತ್ತು. ನಾನು ಹುಡುಗನಿಗೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ‘ಉತ್ತರದ ಪಂಜರ ಇನ್ನೂ ಹಾಗೇ ಇದೆ, ಅದು ನಿಂದು, ಹತ್ತು’ ಎಂದು ಹೇಳಿ, ಬೆಂಗಳೂರಿನವನಿಗೆ ಖಾಸಗಿಯಾಗಿ ಎರಡು ಸಾಲು ಬರೆದೆ: ಲ್ಯಾಗ್ ಆಗುತ್ತಿರುವುದು ಒಟ್ಟು ಜನಸಂಖ್ಯೆಯಿಂದ, ಫೋನಿನಿಂದಲ್ಲ, ಮತ್ತು ಆ ಕಂಬದ ಬುಡದಲ್ಲಿ ಹುಡುಗನಿಗೆ ಕಾವಲು ಬೇಕಾಗಿದೆ. ಅವನು ಉತ್ತರಿಸಲಿಲ್ಲ, ಆದರೆ ಕಂಬದ ಬುಡಕ್ಕೆ ಹೋಗಿ ನಿಂತ.

ಹುಡುಗ ಏಣಿಯ ಮೇಲೆ ಅರ್ಧ ದಾರಿಯಲ್ಲಿದ್ದಾಗ ಅವನ ಮೈಕಿನಿಂದ ಹೆಂಗಸಿನ ಧ್ವನಿಯೊಂದು ಬಂತು. ‘ಯಾರಮ್ಮಾ ನೀನು? ಇಷ್ಟು ಹೊತ್ತಿಂದ ಇವನಿಗೆ ಹತ್ತು ಹತ್ತು ಅಂತ ಹೇಳ್ತಾ ಇದ್ದೀಯ, ಎಲ್ಲಿಗೆ ಹತ್ತಿಸ್ತಾ ಇದ್ದೀಯ?’ ಇಡೀ ಚಾನೆಲ್ ಉಸಿರು ಬಿಗಿಹಿಡಿಯಿತು. ‘ಆಂಟಿ, ನಾನು ಹುಬ್ಬಳ್ಳಿಯವಳು. ಇದು ಆಟ. ಇನ್ನು ಅರ್ಧ ಗಂಟೆಯಲ್ಲಿ ಮುಗಿಯುತ್ತೆ, ನಾವೂ ಬನ್ನಿ ಕೊಡೋಕೆ ಹೋಗಬೇಕು’ ಎಂದೆ. ಅವರು ಅರೆಗಳಿಗೆ ಯೋಚಿಸಿ, ‘ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ’ ಎಂದರು. ಅಂದಿನಿಂದ ನಮ್ಮ ಎಲ್ಲ ಕೂಟಗಳ ಪ್ರಕಟಣೆಯಲ್ಲಿ ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಬರೆಯುತ್ತೇವೆ. ಮಕ್ಕಳ ಹಾಜರಿ ಅದರಿಂದ ಸ್ಥಿರವಾಗಿರುವಷ್ಟು ಬೇರಾವುದರಿಂದಲೂ ಆಗಿಲ್ಲ.

ಹುಡುಗ ಪಂಜರ ಕಿತ್ತು ಸ್ಫಟಿಕ ಒಡೆದ, ಸಿಡಿತಕ್ಕೆ ಸತ್ತ, ಹಾಸಿಗೆಯಲ್ಲಿ ಹುಟ್ಟಿ ಮತ್ತೆ ಓಡಿಬಂದ. ಸ್ಫಟಿಕಗಳು ಮುಗಿದ ಮೇಲೆ ಡ್ರ್ಯಾಗನ್ ಬಹಳ ಹೊತ್ತು ಉಳಿಯಲಿಲ್ಲ. ಅದು ಬೆಳಕಾಗಿ ಒಡೆದು, ಮೊದಲ ವಧೆಗೆ ಸಿಗುವ 12,000 ಎಕ್ಸ್‌ಪಿ (ಅನುಭವದ ಅಂಕಗಳು) ಹಸಿರು ಹನಿಗಳಾಗಿ ಸುರಿದಾಗ ಎಲ್ಲರೂ ಅದರಡಿ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಯಾರೋ ಮೊಟ್ಟೆಯನ್ನು ಮುಟ್ಟಿದರು. ಮುಟ್ಟಿದರೆ ಅದು ಮಾಯವಾಗಿ ಹತ್ತಿರದಲ್ಲೇ ಬೇರೆಡೆ ಕಾಣಿಸಿಕೊಳ್ಳುತ್ತದೆ. ಹುಡುಕಿದವರು ಮತ್ತೆ ಮುಟ್ಟಿದರು, ಅದು ಮತ್ತೆ ಹಾರಿತು. ಕಡೆಗೆ ಮ್ಯೂನಿಕ್‌ನವರು ಎಲ್ಲರನ್ನೂ ದೂರ ಸರಿಸಿ, ಅದರ ಕೆಳಗಿನ ಕಲ್ಲಿನಡಿ ಒಂದು ಪಂಜು ನೆಟ್ಟು, ಕಲ್ಲನ್ನು ತೆಗೆದು, ಮೊಟ್ಟೆ ಪಂಜಿನ ಮೇಲೆ ಬಿದ್ದು ಕೈಗೆ ಸಿಗುವಂತೆ ಮಾಡಿದರು.

ಮೊಟ್ಟೆ ಯಾರದ್ದು? ಹೆಚ್ಚು ಹೊಡೆತ ಕೊಟ್ಟವನಿಗೆ ಎಂದರು ಕೆಲವರು, ಲಾಟರಿ ಎಂದರು ಕೆಲವರು. ಸಂತೆಯ ನಡುವೆ ವಸ್ತುಸಂಗ್ರಹಾಲಯ ಕಟ್ಟಿ ಇಡೋಣ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಏಕೆಂದರೆ ಎಲ್ಲರದ್ದಾದ ವಸ್ತುಸಂಗ್ರಹಾಲಯಕ್ಕೆ ನಮ್ಮಲ್ಲಿ ಯಾರೂ ಎರಡನೆಯ ಸಲ ಹೋಗಿದ್ದನ್ನು ನಾನು ಕಂಡಿಲ್ಲ. ದಸರೆಯಲ್ಲಿ ಗೊಂಬೆ ನೋಡಲು ಮನೆಮನೆಗೆ ಹೋಗುವಂತೆ, ಮೊಟ್ಟೆ ತಿಂಗಳಿಗೊಂದು ಮನೆಯಲ್ಲಿರಲಿ, ಇಟ್ಟುಕೊಂಡವರು ಅದಕ್ಕೊಂದು ಜಾಗ ಕಟ್ಟಿ ಒಂದು ಸಂಜೆ ಎಲ್ಲರನ್ನೂ ಕರೆಯಲಿ ಎಂದು ನ್ಯೂಜೆರ್ಸಿಯವರು ಸೂಚಿಸಿದರು. ಸರದಿ ಹೊಸಬರಿಂದ ಆರಂಭವಾಗಲಿ ಎಂಬುದನ್ನು ನಾನು ಸೇರಿಸಿದೆ. ಬನ್ನಿಯ ಹೊತ್ತಾಗುತ್ತಿದ್ದುದರಿಂದ ವಿರೋಧಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಮೊದಲ ತಿಂಗಳು ಮೊಟ್ಟೆ ಕಲಬುರಗಿಯ ಹುಡುಗಿಯ ಮನೆಯಲ್ಲಿತ್ತು. ಅವಳ ಮನೆ ಆಗ ನಾಲ್ಕು ಗೋಡೆ, ಒಂದು ಬಾಗಿಲು. ಅತಿಥಿಗಳು ಬರುತ್ತಾರೆಂದು ಅವಳು ಅಂಗಳ ಹಾಕಿದಳು, ಅಂಗಳಕ್ಕೆ ದಾರಿ ಬೇಕೆಂದು ಸಂತೆಯಿಂದ ರಸ್ತೆ ಎಳೆದಳು, ರಸ್ತೆಯ ಬದಿಗೆ ಶಿರಸಿಯವನು ತನ್ನ ಮನೆ ಕಟ್ಟಿದ. ಕವಚ ದಾನ ಮಾಡುವ ಹಳೆಯ ಪದ್ಧತಿಯನ್ನು ನಾವು ನಿಷೇಧಿಸಲಿಲ್ಲ, ಹೊಸಬರು ಕೇಳಿದರೆ ಮಾತ್ರ ಕೊಡುವುದೆಂದು ಮಾತಾಡಿಕೊಂಡೆವು. ಕೇಳುವವರು ಕಡಿಮೆಯೇ.

ಬೆಂಗಳೂರಿನವನೂ ಅವನ ಇಬ್ಬರು ಗೆಳೆಯರೂ ದೀಪಾವಳಿಯ ಹೊತ್ತಿಗೆ ನಮ್ಮನ್ನು ಬಿಟ್ಟರು. ಎಲ್ಲರನ್ನೂ ಉಳಿಸಿಕೊಳ್ಳುವ ಬಳಗ ಎಂಬುದು ಇಲ್ಲ, ಒಬ್ಬರಿಗೆ ಬೇಕಾದ ವೇಗ ಇನ್ನೊಬ್ಬರ ಸಂಜೆಯನ್ನು ತಿನ್ನುತ್ತದೆ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಅವರ ವೇಗಕ್ಕೂ ಒಂದು ಜಾಗ ಮಾಡಬಹುದಲ್ಲವೇ ಎನಿಸಿ, ಪ್ರತಿ ಶನಿವಾರ ಹೊಸದಾಗಿ ಹುಟ್ಟಿ ಭಾನುವಾರ ಅಳಿಯುವ ಇನ್ನೊಂದು ಸಣ್ಣ ಲೋಕವನ್ನು ತೆರೆದೆವು. ಅಲ್ಲಿ ಹಾಸಿಗೆ ಸಿಡಿಸಬಹುದು, ಯಾರು ಮೊದಲು ಡ್ರ್ಯಾಗನ್ ಕೊಂದರೋ ಅವರ ಹೆಸರು ವಾರವಿಡೀ ಮೇಲೆ ಇರುತ್ತದೆ. ಅವನು ಅಲ್ಲಿಗೆ ಬರುತ್ತಾನೆ, ಬಹುತೇಕ ಗೆಲ್ಲುತ್ತಾನೆ, ದೊಡ್ಡ ಲೋಕದತ್ತ ತಲೆ ಹಾಕುವುದಿಲ್ಲ. ಫೋನಿನಲ್ಲಿ ಆಡುವ ಇಬ್ಬರು ಈಚೆಗೆ ಅವನ ಬಳಿ ಬೇಗ ಆಡುವುದನ್ನು ಕಲಿಯುತ್ತಿದ್ದಾರೆಂದು ಕೇಳಿದ್ದೇನೆ.

ಈಗಿನ ಚರ್ಚೆ ಎಲಿಟ್ರಾ ಕುರಿತದ್ದು. ಹೊರ ದ್ವೀಪಗಳು ಎಂಡ್‌ನ ನಡುವಿನಿಂದ ಸುಮಾರು ಸಾವಿರ ಬ್ಲಾಕ್‌ಗಳಾಚೆ ಶುರುವಾಗುತ್ತವೆ. ಅಲ್ಲಿಗೆ ಯಾರೂ ಹೋಗದಂತೆ ಗಡಿ ಹಾಕಿ, ಅದನ್ನು ತಿಂಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ಹಿಗ್ಗಿಸುತ್ತ ಬಂದಿದ್ದೇವೆ. ಪ್ರತಿ ಸಲ ಹಿಗ್ಗಿಸಿದಾಗಲೂ ಮೊದಲ ಸಂಜೆ ಆ ತಿಂಗಳು ಸೇರಿದವರಿಗೆ ಮೀಸಲು, ಬೇಕಿದ್ದರೆ ಅವರು ಹಳಬರೊಬ್ಬರನ್ನು ಜೊತೆಗೆ ಕರೆಯಬಹುದು. ಹೀಗಾಗಿ ತಿಂಗಳ ಕೊನೆಯ ವಾರ ಬಂತೆಂದರೆ ಹಳಬರು ಹೊಸಬರ ಅಂಗಳದಲ್ಲಿ ಕಾರಣವಿಲ್ಲದೆ ಸುಳಿದಾಡುತ್ತಾರೆ, ಕಲ್ಲು ಹೊತ್ತು ಕೊಡುತ್ತಾರೆ, ಗಣಿಯ ದಾರಿ ತೋರಿಸುತ್ತಾರೆ. ಯುಗಾದಿಗೆ ಗಡಿಯನ್ನು ಪೂರ್ತಿ ತೆಗೆದುಬಿಡಬೇಕೆಂದು ಕೆಲವರ ಒತ್ತಾಯವಿದೆ. ಮತಕ್ಕೆ ಹಾಕುತ್ತೇವೆ. ನಾನು ಬೇಡವೆಂದೇ ಮತ ಹಾಕುವವಳು.