ಆಡುವವರೇ ದುಡ್ಡು ಕೊಡುವ ನಾಟಕ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ರಂಗಭೂಮಿಯ ಮಾತು ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ರಂಗಶಂಕರ. ಅದರಲ್ಲಿ ತಪ್ಪೇನಿಲ್ಲ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿಗಾಗಿ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ ಕಟ್ಟಿಸಿ, 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರ ಜೆ.ಪಿ. ನಗರದ ಎರಡನೇ ಹಂತದ ಮನೆಗಳ ಸಾಲಿನ ನಡುವೆ ನಿಂತಿದೆ. ಅಲ್ಲಿಯವರೆಗೆ ನಾಟಕ ನೋಡಬೇಕೆಂದರೆ ರವೀಂದ್ರ ಕಲಾಕ್ಷೇತ್ರದ ಕಡೆಗೇ ಬಸ್ಸು ಹತ್ತಬೇಕಾಗಿದ್ದ ಬನಶಂಕರಿ, ಜಯನಗರಗಳ ಜನರಿಗೆ ಊಟಕ್ಕೆ ಮೊದಲು ನಡೆದುಹೋಗಿ ನಾಟಕ ನೋಡಿ ಬರುವ ಅಭ್ಯಾಸ ಬಂದದ್ದು ಆಮೇಲೆಯೇ. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಸಂಜೆ ಏಳೂವರೆಗೆ ನಾಟಕ ಶುರುವಾಗುತ್ತದೆ ಎಂದರೆ ಶುರುವಾಗುತ್ತದೆ. ಬಾಗಿಲು ಹಾಕಿದ ಮೇಲೆ ಬಂದವರು ಯಾರೇ ಆಗಿರಲಿ ಒಳಗೆ ಪ್ರವೇಶವಿಲ್ಲ. ಟ್ರಾಫಿಕ್ಕಿನ ನೆಪ ಹೇಳುತ್ತ ಮೆಟ್ಟಿಲ ಬಳಿ ನಿಂತವರನ್ನು ಹಲವು ಸಲ ನೋಡಿದ್ದೇನೆ, ಬಾಗಿಲು ತೆರೆದದ್ದನ್ನು ನೋಡಿಲ್ಲ. ಸಮಯದ ವಿಷಯದಲ್ಲಿ ಈ ಊರಿಗೆ ಇಷ್ಟು ಶಿಸ್ತು ಕಲಿಸಿದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಆದರೆ ನಾನು ಬರೆಯಬೇಕೆಂದುಕೊಂಡದ್ದು ಇನ್ನೊಂದು ರಂಗಭೂಮಿಯ ಬಗ್ಗೆ. ರಂಗಶಂಕರದಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ, ಉತ್ತರಹಳ್ಳಿ, ಕೋಣನಕುಂಟೆ, ಗೊಟ್ಟಿಗೆರೆ, ಬೇಗೂರುಗಳ ಕಡೆಗೆ, ಒಂದು ಕಾಲಕ್ಕೆ ಹಳ್ಳಿಗಳಾಗಿದ್ದು ಈಗ ಲೇಔಟುಗಳ ನಡುವೆ ಸಿಕ್ಕಿಹಾಕಿಕೊಂಡಿರುವ ಊರುಗಳಿವೆ. ಅವನ್ನು ಬೆಂಗಳೂರಿನ ಹೊರವಲಯ ಎಂದು ಕರೆಯುವುದೂ ಒಂದು ತಮಾಷೆಯೇ, ಏಕೆಂದರೆ ಬೆಂಗಳೂರು ಎಂಬ ಹೆಸರು ಕಾಣಿಸುವ ಒಂಬತ್ತನೇ ಶತಮಾನದ ವೀರಗಲ್ಲು ಸಿಕ್ಕಿರುವುದು ಬೇಗೂರಿನಲ್ಲಿಯೇ. ಇಂಥ ಊರುಗಳ ದೇವಸ್ಥಾನದ ಮುಂದಿನ ಬಯಲಿನಲ್ಲಿ, ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದ ಮೇಲೂ, ಊರಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ಪೌರಾಣಿಕ ನಾಟಕದ ಫ್ಲೆಕ್ಸು ಏಳುತ್ತದೆ. ಅದರಲ್ಲಿ ದುರ್ಯೋಧನನಿಂದ ಹಿಡಿದು ದ್ವಾರಪಾಲಕನವರೆಗೆ ಎಲ್ಲರ ಭಾವಚಿತ್ರವೂ ಇರುತ್ತದೆ, ಅವರ ಹಿಂದೆ ಶುಭ ಕೋರುವವರ ಇನ್ನಷ್ಟು ಭಾವಚಿತ್ರಗಳಿರುತ್ತವೆ.

ಹಳೆಯ ಮೈಸೂರು ಸೀಮೆಯವರಿಗೆ ಈ ನಾಟಕದ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯಿಂದ ಬಂದವರು ಮಾತ್ರ ಕೇಳಿ ಬೆರಗಾಗುತ್ತಾರೆ. ಇಲ್ಲಿ ನೋಡುವವರಿಗೆ ಟಿಕೆಟ್ಟಿಲ್ಲ, ಹಣ ಕೊಡುವವರು ನಟರು. ಹಾರ್ಮೋನಿಯಂ ಹಿಡಿದು ನಾಟಕ ಕಲಿಸುವ ಮೇಷ್ಟ್ರನ್ನು ಗೊತ್ತುಮಾಡಿದ ಮೇಲೆ ಪಾತ್ರ ಹಂಚುವ ದಿನ ಎಲ್ಲರೂ ಸೇರುತ್ತಾರೆ. ಮೇಷ್ಟ್ರು ಒಬ್ಬೊಬ್ಬರಿಂದಲೂ ಒಂದು ಕಂದಪದ್ಯವನ್ನೋ ವೃತ್ತಪದ್ಯವನ್ನೋ ಹಾಡಿಸಿ ಕಂಠ ಯಾವ ಶ್ರುತಿಗೆ ನಿಲ್ಲುತ್ತದೆ ಎಂದು ನೋಡುತ್ತಾರೆ. ಆದರೆ ಕೊನೆಗೆ ತೂಕ ಬೀಳುವುದು ಕಂಠದ ಮೇಲೆ ಮಾತ್ರವಲ್ಲ. ದುರ್ಯೋಧನ, ಕೃಷ್ಣ ಮುಂತಾದ ದೊಡ್ಡ ಪಾತ್ರಗಳಿಗೆ ದೊಡ್ಡ ಮೊತ್ತ, ಸಣ್ಣ ಪಾತ್ರಗಳಿಗೆ ಸಣ್ಣ ಮೊತ್ತ. ಹೀಗೆ ಕೂಡಿದ ಹಣದಲ್ಲಿಯೇ ಮೇಷ್ಟ್ರ ಸಂಭಾವನೆ, ತಬಲದವರ ಸಂಭಾವನೆ, ಸೀನರಿಯ ಬಾಡಿಗೆ, ವೇಷಭೂಷಣ, ದೀಪ, ಮೈಕು ಎಲ್ಲವೂ ಮುಗಿಯಬೇಕು. ಹಣವಿದ್ದವನೇ ದುರ್ಯೋಧನನಾಗುತ್ತಾನೆ ಎಂದು ನಗರದ ರಂಗಕರ್ಮಿಗಳು ಮೂಗು ಮುರಿಯುವುದುಂಟು. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ತಿಂಗಳುಗಟ್ಟಲೆ, ಕೆಲಸ ಮುಗಿಸಿ ಬಂದ ಮೇಲೆ, ಯಾರದೋ ಕಟ್ಟಡದ ನೆಲಮಾಳಿಗೆಯಲ್ಲಿ ಕಾರುಗಳ ಪಕ್ಕ ಚಾಪೆ ಹಾಸಿಕೊಂಡು ಒಂದೇ ವೃತ್ತವನ್ನು ಮತ್ತೆ ಮತ್ತೆ ಹಾಡಿ ಮೇಷ್ಟ್ರಿಂದ ಬೈಸಿಕೊಳ್ಳುವ ಆಟೋ ಚಾಲಕರನ್ನು, ಹಾಲಿನ ಬೂತಿನವರನ್ನು, ಸೈಟು ವ್ಯಾಪಾರದವರನ್ನು ನೋಡಿದಾಗ, ತಮ್ಮ ಹಣ ಹಾಕಿ ಬೈಸಿಕೊಳ್ಳಲು ಬರುವ ಈ ಪ್ರೀತಿಗೆ ಬೇರೆ ಹೆಸರು ಹೊಳೆಯುವುದಿಲ್ಲ.

ಇದರ ಮೂಲ ಇರುವುದು ಕಂಪನಿ ನಾಟಕದಲ್ಲಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯೂ ಅದರ ಹಿಂದೆ ಮುಂದೆ ಬಂದ ಇತರ ವೃತ್ತಿ ಕಂಪನಿಗಳೂ ಊರೂರಿಗೆ ಹೊತ್ತು ತಂದ ಪರದೆ, ಮೆರವಣಿಗೆಯಂತಹ ಪ್ರವೇಶ, ಮಾತಿಗಿಂತ ಹಾಡಿಗೆ ಹೆಚ್ಚು ಒತ್ತು, ಮರಾಠಿ ನಾಟಕಗಳ ಮೂಲಕ ಒಳಬಂದ ಹಿಂದೂಸ್ತಾನಿ ರಾಗಗಳ ಛಾಯೆ, ಇವೆಲ್ಲ ಕಂಪನಿಗಳು ಕರಗಿದ ಮೇಲೂ ಈ ಹವ್ಯಾಸಿಗಳಲ್ಲಿ ಉಳಿದುಕೊಂಡಿವೆ. ಹೀಗಾಗಿ ಕುರುಕ್ಷೇತ್ರವನ್ನು ನಾಟಕವೆಂದು ನೋಡುವುದಕ್ಕಿಂತ ರಾತ್ರಿಯಿಡೀ ನಡೆಯುವ ಗಾಯನ ಕಚೇರಿಯೆಂದು ಕೇಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಕೃಷ್ಣ ಸಂಧಾನಕ್ಕೆ ಬಂದಾಗ ಕಥೆ ಮುಂದೆ ಹೋಗಲಿ ಎಂದು ಯಾರೂ ಕಾಯುವುದಿಲ್ಲ. ಆಲಾಪ ಎಷ್ಟು ಎತ್ತರಕ್ಕೆ ಏರುತ್ತದೆ, ಕಾಲು ಹಾರ್ಮೋನಿಯಂನ ಮೇಷ್ಟ್ರು ಅದನ್ನು ಎಲ್ಲಿ ಹಿಡಿಯುತ್ತಾರೆ ಎಂಬುದರ ಮೇಲೆಯೇ ಎಲ್ಲರ ಕಿವಿ. ‘ಒನ್ಸ್ ಮೋರ್’ ಬಿದ್ದರೆ ಅದೇ ಹಾಡು ಮತ್ತೊಮ್ಮೆ. ನಡುವೆ ನಟನ ನೆಂಟರಿಷ್ಟರು ವೇದಿಕೆ ಹತ್ತಿ ಹಾರ ಹಾಕುತ್ತಾರೆ, ನೋಟಿನ ಹಾರವೂ ಬೀಳುತ್ತದೆ, ಕೌರವೇಶ್ವರ ಗದೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಮುಗಿದು ಫೋಟೋಗೆ ನಿಲ್ಲುತ್ತಾನೆ. ರಂಗಶಂಕರದ ಬಾಗಿಲಿಗೆ ಒಗ್ಗಿಕೊಂಡ ನನಗೆ ಇದು ಆರಂಭದಲ್ಲಿ ಕಿರಿಕಿರಿಯಾಗುತ್ತಿತ್ತು, ಹಾರಗಳು ಅತಿಯಾದರೆ ಈಗಲೂ ಆಗುತ್ತದೆ.

ಈ ನಾಟಕಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ನೋಡುವುದು ಸ್ತ್ರೀ ಪಾತ್ರಗಳನ್ನು. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸುವುದು ವಾಡಿಕೆ. ಹಣ ಕೊಡದೆ ಹಣ ಪಡೆಯುವ ನಟರು ಎಂದರೆ ಬಹುಮಟ್ಟಿಗೆ ಅವರೇ. ಇಂದು ಈ ಊರು, ನಾಳೆ ಇನ್ನೊಂದು. ಗಂಡಸರ ತಂಡದ ತಿಂಗಳುಗಟ್ಟಲೆಯ ತಾಲೀಮಿಗೆ ಅವರು ಬಂದಿರುವುದು ಅಪರೂಪ, ಎದುರಿಗೆ ನಿಲ್ಲುವ ಕರ್ಣ ಯಾರೆಂಬುದು ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಗೊತ್ತಾದರೆ ಗೊತ್ತಾಯಿತು. ಒಮ್ಮೆ ಕರ್ಣ ಮಾತು ಮರೆತು ನಿಂತುಬಿಟ್ಟಾಗ ಕುಂತಿಯ ಪಾತ್ರಧಾರಿ ಗಾಬರಿಯಾಗಲಿಲ್ಲ; ಅವನ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ, ‘ನಿನ್ನನ್ನು ಗಂಗೆಯಲ್ಲಿ ತೇಲಿಬಿಟ್ಟವಳು ಯಾರೆಂದು ಕೇಳುವುದಿಲ್ಲವೇ ಮಗನೆ’ ಎಂದು ಎಳೆ ಎತ್ತಿಕೊಟ್ಟರು. ಸಭೆಗೆ ಅದು ತಿಳಿಯಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಮಾತ್ರ ತಲೆಯೆತ್ತಿ ನೋಡಿ ಮುಗುಳ್ನಕ್ಕರು. ಇಂಥವರ ಬಗ್ಗೆ ಪತ್ರಿಕೆಗಳ ರಂಗವಿಮರ್ಶೆಯಲ್ಲಿ ಒಂದು ಸಾಲನ್ನೂ ನಾನು ಓದಿದ ನೆನಪಿಲ್ಲ. ಇಂಗ್ಲಿಷಿನಿಂದ ಬಂದ ರೂಪಾಂತರವೊಂದು ಎರಡು ಪ್ರದರ್ಶನ ಕಂಡರೆ ಅರ್ಧ ಪುಟ ಬರೆಯುವವರು ಇವರನ್ನು ನೋಡಲು ಬರುವುದಿಲ್ಲ ಎಂಬುದು ನನ್ನ ದೂರು.

ಈಗ ಇವರಿಗೆ ಬಂದಿರುವ ಕಷ್ಟ ಎರಡು. ಒಂದು ಬಯಲಿನದು: ಗುಂಡುತೋಪು, ಕೆರೆಯಂಗಳ, ದೇವಸ್ಥಾನದ ಮುಂದಿನ ಖಾಲಿ ಜಾಗಗಳು ರಸ್ತೆಗೋ ಬೇಲಿಗೋ ಸೇರಿಹೋಗುತ್ತಿವೆ. ಇನ್ನೊಂದು ಹೊತ್ತಿನದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಹದಿನೈದು ದಿನ ಮೀರದಂತೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ನವೆಂಬರಿನುದ್ದಕ್ಕೂ ನಡೆಯುವ ರಾಜ್ಯೋತ್ಸವದ ರಸಮಂಜರಿ, ಎಲ್ಲವೂ ಇದೇ ನಿಯಮದಡಿ ಬರುತ್ತವೆ. ಆರ್ಕೆಸ್ಟ್ರಾದವರಿಗೆ ಇದರಿಂದ ಹೆಚ್ಚು ನಷ್ಟವಿಲ್ಲ, ನಾಲ್ಕು ಹಾಡು ಕಡಿಮೆಯಾದೀತು ಅಷ್ಟೆ. ಆದರೆ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮುಗಿಯುತ್ತಿದ್ದ ಕುರುಕ್ಷೇತ್ರವನ್ನು ಹನ್ನೆರಡರೊಳಗೆ ತುಂಬಿಸುವುದು ಹೇಗೆ? ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮಗುವನ್ನು ಮಲಗಿಸಲು ಹೆಣಗುವ ತಾಯಿಯ ದೂರು ನ್ಯಾಯವಾದದ್ದೇ. ಹಾಗಾಗಿ ನಾನು ನಿಯಮದ ಪರವೇ ಇದ್ದೇನೆ, ಮನಸ್ಸು ಮಾತ್ರ ನಾಟಕದ ಕಡೆಗಿದೆ.

ಮೇಷ್ಟ್ರುಗಳು ಕಂಡುಕೊಂಡಿರುವ ದಾರಿಯೆಂದರೆ ಹಗಲು ನಾಟಕ. ಭಾನುವಾರ ಬೆಳಿಗ್ಗೆ ಶುರುಮಾಡಿ ದೀಪ ಹಚ್ಚುವ ಹೊತ್ತಿಗೆ ಮಂಗಳ ಹಾಡುವ ಪ್ರದರ್ಶನಗಳು ರವೀಂದ್ರ ಕಲಾಕ್ಷೇತ್ರದಲ್ಲಿ ಮೊದಲಿನಿಂದಲೂ ನಡೆಯುತ್ತಿವೆ. ಈಗ ಊರಿನವರೂ ಬಯಲು ಬಿಟ್ಟು ಅಲ್ಲಿಗೇ ಬಸ್ಸು ಮಾಡಿಕೊಂಡು ಹೋಗುವುದು ಹೆಚ್ಚುತ್ತಿದೆ. ಬಡಾವಣೆಯವರು ತಮ್ಮ ಮನೆಯ ಹತ್ತಿರಕ್ಕೆ ರಂಗಮಂದಿರ ಬಂತೆಂದು ಸಂತೋಷಪಡುತ್ತಿರುವ ಕಾಲದಲ್ಲಿಯೇ ಹಳೆಯ ಊರಿನವರು ತಮ್ಮ ನಾಟಕವನ್ನು ಪೇಟೆಗೆ ಹೊತ್ತುಕೊಂಡು ಹೋಗಬೇಕಾಗಿದೆ. ಬಡಾವಣೆಗಳಿಗೆ ನಾಗರಿಕ ಸೌಲಭ್ಯದ ನಿವೇಶನ ಗುರುತಿಸುವಾಗ ಮೈಕಿಲ್ಲದೆಯೂ ಹಾಡು ಕೇಳಿಸುವಂತಹ, ನಾಲ್ಕು ಗೋಡೆಯ ಸಣ್ಣದೊಂದು ರಂಗಮಂದಿರಕ್ಕೆ ಜಾಗ ಬಿಟ್ಟರೆ ಹೊತ್ತಿನ ತಕರಾರು ಅರ್ಧ ತೀರುತ್ತದೆ. ರಂಗಶಂಕರ ಎದ್ದದ್ದೂ ಅಂಥದೇ ಒಂದು ನಿವೇಶನದ ಮೇಲೆ.

ನೋಡಬೇಕೆನ್ನುವವರು ಯುಗಾದಿಯಾದ ಮೇಲಿನ ವಾರಗಳಲ್ಲಿ ತಮ್ಮ ಬಡಾವಣೆಯ ಪಕ್ಕದ ಹಳೆಯ ಊರಿನ ದೇವಸ್ಥಾನದ ವೃತ್ತದಲ್ಲಿ ಫ್ಲೆಕ್ಸುಗಳನ್ನು ಗಮನಿಸುತ್ತಿರಿ. ಹೇಳಿದ ಹೊತ್ತಿಗೆ ಹೋದರೆ ಇನ್ನೂ ಪರದೆ ಕಟ್ಟುತ್ತಿರುತ್ತಾರೆ, ಗಂಟೆ ತಡವಾಗಿ ಹೋದರೂ ನಷ್ಟವಿಲ್ಲ. ಕುರ್ಚಿ ಹಿಡಿಯುವುದಾದರೆ ಹಾರ್ಮೋನಿಯಂ ಇರುವ ಬದಿಯಲ್ಲಿ ಹಿಡಿಯಿರಿ.