ಸ್ಟವ್ ಆರಿಸಿದ ಕೈ

ಗಣೇಶನನ್ನು ಬಿಟ್ಟ ಮರುದಿನ. ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ತಮಟೆ, ಪಟಾಕಿ ಜೋರಾಗಿತ್ತು. ಮಗ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಬೀರುವಿನ ಪಕ್ಕದ ಸಂದಿಯಲ್ಲಿ ಕೂತಿದ್ದ. ಹೊರಗಿನ ಸದ್ದು ಹನ್ನೊಂದಕ್ಕೆ ನಿಂತಿತು. ಅವನೊಳಗೆ ನಿಲ್ಲಲಿಲ್ಲ. ಎರಡು ಗಂಟೆಗೆ ಎದ್ದವನು ಬೆಳಗಾಗುವ ತನಕ ಹಾಲ್‌ನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಿದ. ಕೆಳಗಿನ ಮನೆಯವರಿಗೆ ಕೇಳಿಸಬಾರದು ಅಂತ ಚಾಪೆ, ಜಮಖಾನ, ಹಳೇ ರಗ್ಗು ಎಲ್ಲ ಹಾಸಿ ನಾನೂ ಕಾವಲು ಕೂತೆ.

ಅವನಿಗೆ ಎಂಟು ವರ್ಷ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಆಟಿಸಂ ಅಂತ ಹೇಳಿದಾಗ ಮೂರು ತುಂಬಿತ್ತು. ಮಾತು ತಡ ಅನ್ನುವುದು ಗೊತ್ತಿತ್ತು. ನಿದ್ದೆಯ ವಿಷಯ ಗೊತ್ತಿರಲಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ನಿದ್ದೆಯ ತೊಂದರೆ ಇರುತ್ತದಂತೆ. ಮಗು ಮಲಗದಿದ್ದರೆ ಮನೆಯಲ್ಲಿ ಇನ್ಯಾರು ಮಲಗುತ್ತಾರೆ?

ನಮ್ಮ ಮನೆಯಲ್ಲಿ ನನ್ನ ಗಂಡ ಮಲಗುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ ಅಂತ ನಾನೇ ಎಬ್ಬಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ನೆಂಟರು "ನೀನು ಗಟ್ಟಿಗಿತ್ತಿ ಕಣೇ, ಅದಕ್ಕೇ ದೇವರು ನಿನಗೆ ಕೊಟ್ಟಿದ್ದಾನೆ" ಅಂದಾಗ ಸಿಟ್ಟು ಬರುತ್ತಿತ್ತು, ಒಳಗೊಳಗೇ ಹಿತವೂ ಆಗುತ್ತಿತ್ತು.

ಆವತ್ತು ಮಧ್ಯಾಹ್ನ ಅನ್ನಕ್ಕೆ ಇಟ್ಟೆ. ಕುಕ್ಕರ್ ವಿಸಿಲ್ ಅವನಿಗೆ ಆಗುವುದಿಲ್ಲ, ಹಾಗಾಗಿ ನಮ್ಮಲ್ಲಿ ಪಾತ್ರೆ ಅನ್ನವೇ. ಕುದಿ ಬರಲಿ ಅಂತ ಕೆಳಗೆ ಕೂತೆ. ಎಲ್ಲಿ? ಸಿಲಿಂಡರಿಗೇ ಒರಗಿ. ಎಷ್ಟು ಹೊತ್ತಾಯಿತೋ, ಯಾರೋ ನನ್ನ ಮಣಿಕಟ್ಟು ಹಿಡಿದು ಜಗ್ಗುತ್ತಿದ್ದರು. ಕಣ್ಣು ಬಿಟ್ಟರೆ ಅಡುಗೆಮನೆ ತುಂಬ ಹೊಗೆ. ಮಗ ನನ್ನ ಕೈಯನ್ನು ಎಳೆದು ಎಳೆದು ಸ್ಟವ್‌ನ ತಿರುಪಿನ ಮೇಲೆ ಇಡುತ್ತಿದ್ದ.

ಏನಾದರೂ ಬೇಕಾದರೆ ಅವನು ಹೀಗೇ ಮಾಡುವುದು. ಬಾಟಲಿ ಮುಚ್ಚಳಕ್ಕೆ, ಫ್ರಿಜ್ ಬಾಗಿಲಿಗೆ, ಎಲ್ಲದಕ್ಕೂ ನಮ್ಮ ಕೈಯೇ ಅವನ ಕೈ. ಬೆರಳು ತೋರಿಸಲು, ಚಿತ್ರದ ಕಾರ್ಡು ಕೊಡಲು ಕಲಿಸಿ ಅಂತ ಥೆರಪಿಸ್ಟ್ ಹೇಳಿದ್ದರು. ಎರಡು ವರ್ಷದಿಂದ ಬಿಡಿಸಲು ಒದ್ದಾಡುತ್ತಿದ್ದ ಅಭ್ಯಾಸ ಅದು. ಬಿಟ್ಟಿದ್ದರೆ?

ಸ್ಟವ್ ಆರಿಸಿದೆ. ಕಿಟಕಿ ತೆಗೆದೆ. ಅವನು ಮೂಗು ಮುಚ್ಚಿಕೊಂಡು ಹೊರಗೆ ಹೋದ. ಅಮ್ಮನನ್ನು ಕಾಪಾಡಿದ ಅಂತ ಆಮೇಲೆ ಎಲ್ಲರೂ ಕಣ್ಣು ಒರೆಸಿಕೊಂಡರು. ನನಗೆ ಹಾಗನಿಸಲಿಲ್ಲ. ಅವನಿಗೆ ಸೀದ ವಾಸನೆ ತಡೆಯಲಾಗಲಿಲ್ಲ, ಅಷ್ಟೇ. ನನಗೆ ಕಂಡದ್ದು ಇನ್ನೊಂದು. ಈ ಮನೆಯಲ್ಲಿ ಅವನಿಗೆ ಅಪಾಯ ಅಂತ ಒಂದಿದ್ದರೆ ಅದು ನಿದ್ದೆಗೆಟ್ಟ ನಾನು.

ರಾತ್ರಿ ಅವರಿಗೆ ಸೀದ ಪಾತ್ರೆ ತೋರಿಸಿದೆ. ಮಾತು ಜಾಸ್ತಿ ಬೇಕಾಗಲಿಲ್ಲ. ಪಾಳಿ ಮಾಡಿಕೊಂಡೆವು. ಎರಡೂವರೆ ತನಕ ನಾನು ಒಳರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು, ಆಮೇಲೆ ಅವರು. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಇಂಥ ಮಕ್ಕಳಿಗೂ ಸಿಗುವ ಸರ್ಕಾರದ ನಿರಾಮಯ ಆರೋಗ್ಯ ವಿಮೆ, ಎಲ್ಲ ಅರ್ಜಿಗಳ ಓಡಾಟ ಅವರ ಪಾಲಿಗೆ. ವಿಮೆ ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಗೂ ಸ್ವಲ್ಪ ಸಿಗುತ್ತದೆ. ಆ ಫಾರಂ ಡ್ರಾಯರ್‌ನಲ್ಲಿ ವರ್ಷದಿಂದ ಬಿದ್ದಿತ್ತು. ಶನಿವಾರ ನಾದಿನಿ ಬಂದು ಮಗನನ್ನು ಸಿಟಿ ಬಸ್ಸಿನಲ್ಲಿ ಸುಮ್ನೆ ಒಂದು ಸುತ್ತು ಕರೆದುಕೊಂಡು ಹೋಗುತ್ತಾಳೆ. ಇಳಿಯುವುದೂ ಇಲ್ಲ, ಅದೇ ಬಸ್ಸಿನಲ್ಲಿ ವಾಪಸ್ಸು. "ಸ್ವಲ್ಪ ಸಹಾಯ ಮಾಡೇ" ಅಂತ ಎಷ್ಟೋ ಸಲ ಕೇಳಿದ್ದೆ, ಏನು ಮಾಡಬೇಕು ಅಂತ ಅವಳಿಗೆ ತಿಳಿದಿರಲಿಲ್ಲ. "ಶನಿವಾರ ನಾಲ್ಕರಿಂದ ಆರು, ಬಸ್ಸು" ಅಂದೆ, ಬಂದಳು.

ಥೆರಪಿಸ್ಟ್ ಹತ್ತಿರವೂ ಹೇಳಿಬಿಟ್ಟೆ, ಮನೆಯಲ್ಲಿ ಅವನಿಗೆ ಮಾಡಿಸಿ ಅಂತ ಕೊಟ್ಟ ನಾಲ್ಕು ಅಭ್ಯಾಸ ನನ್ನಿಂದ ಆಗಲ್ಲ ಅಂತ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಮೂರನ್ನು ಹೊಡೆದು ಹಾಕಿದರು. ಉಳಿದದ್ದು ಸ್ನಾನದ ಹೊತ್ತಿನಲ್ಲಿ ಮೂರು ಮಾತು ಹೇಳಿಸುವುದು: ನೀರು, ಸೋಪು, ಸಾಕು. "ಸಾಕು" ಈಗ ಚೆನ್ನಾಗಿ ಬರುತ್ತದೆ. ಊಟಕ್ಕೂ, ಅಜ್ಜಿಯ ಮುತ್ತಿಗೂ ಅದೇ ಹೇಳುತ್ತಾನೆ.

ನಿನ್ನೆ ರಾತ್ರಿ ಒಂದೂವರೆಗೆ ಹಾಲ್‌ನಲ್ಲಿ ಓಟ ಶುರುವಾಯಿತು. ಬಾಗಿಲಾಚೆ ಧಡ್ ಧಡ್ ಹೆಜ್ಜೆ, ಹಿಂದೆಯೇ ಅವರ ಚಪ್ಪಲಿ ಸದ್ದು. ಎದ್ದು ಕೂತೆ. ಗಡಿಯಾರ ನೋಡಿದೆ. ಇನ್ನೂ ಒಂದು ಗಂಟೆ ನನ್ನದು. ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದೆ.